ಕಾಗದದಲ್ಲಿ ಅರಳಲಿ ವಸಂತ

ಚೈತ್ರ ಕಾಲಿಡುವ ಹೊತ್ತಿಗೆ ರಾಯಚೂರು ಜಿಲ್ಲೆಯ ಪಾಮನಕಲ್ಲೂರಿನಂತಹ ಊರುಗಳಲ್ಲಿ ಹೊಲದ ಕೆಲಸ ಬಹುಮಟ್ಟಿಗೆ ಮುಗಿದಿರುತ್ತದೆ. ಹತ್ತಿ ಬಿಡಿಸಿಯಾಗಿರುತ್ತದೆ, ಜೋಳದ ರಾಶಿಯೂ ಆಗಿರುತ್ತದೆ. ಎರೆಹೊಲ ಬಿರುಕು ಬಿಟ್ಟು ಬಾಯ್ದೆರೆದಿರುತ್ತದೆ. ವಸಂತ ಬಂದಿದೆಯೆಂದು ತಿಳಿಯಬೇಕಾದರೆ ತಲೆಯೆತ್ತಿ ಮರಗಳನ್ನೇ ನೋಡಬೇಕು. ಬೇವು ತಾಮ್ರದ ಬಣ್ಣದಲ್ಲಿ ಚಿಗುರಿರುತ್ತದೆ, ಹೊಂಗೆಯ ಬುಡದಲ್ಲಿ ಹೂವಿನ ಹಾಸಿಗೆ ಬಿದ್ದಿರುತ್ತದೆ. ಆದರೆ ಬೆಳಿಗ್ಗೆ ಹನ್ನೊಂದು ಗಂಟೆಯ ಬಳಿಕ ಪುಟ್ಟ ಮಕ್ಕಳನ್ನು ಆ ಮರದ ಬುಡಕ್ಕೂ ಕಳಿಸುವಂತಿಲ್ಲ. ಅಂತಹ ಬಿಸಿಲು.

ಮನೆಯೊಳಗೆ ಉಳಿದ ಮಗು ಏನು ಮಾಡುತ್ತದೆ? ಉತ್ತರ ಎಲ್ಲ ತಾಯಂದಿರಿಗೂ ಗೊತ್ತು. ರೊಟ್ಟಿ ಬಡಿಯುವ ಹೊತ್ತಿಗೆ ಹಟ ಹಿಡಿದ ಮಗುವಿನ ಕೈಗೆ ಮೊಬೈಲ್ ಕೊಟ್ಟರೆ ಒಂದು ಗಂಟೆ ನಿಶ್ಶಬ್ದ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ಹೊರಡಿಸಿತು. ಒಂದು ವರ್ಷದ ಮಗುವಿಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಅದು ಹೇಳುತ್ತದೆ. ಹೇಳುವುದು ಸುಲಭ. ಮೊಬೈಲ್ ಕಿತ್ತುಕೊಂಡ ಕೈಗೆ ಬದಲಾಗಿ ಏನು ಕೊಡಬೇಕೆಂಬುದೇ ತಾಯಿಯ ಕಷ್ಟ.

ಅಂತಹ ಕೈಗೆ ಒಂದು ಚೌಕ ಕಾಗದ ಕೊಟ್ಟು ನೋಡಿ.

ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಒದಗಿದೆ. ಚಂದ್ರಮಾನದ ಲೆಕ್ಕದಲ್ಲಿ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತಾ ರಮಝಾನ್ ವಸಂತದೊಳಕ್ಕೆ ಬಂದಿತು. 2024ರಲ್ಲಿ ಏಪ್ರಿಲ್ 9ಕ್ಕೆ ಯುಗಾದಿ, ಏಪ್ರಿಲ್ 11ಕ್ಕೆ ಈದ್. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ಈದ್. ಪಕ್ಕದ ಮನೆಯ ಬೇವು-ಬೆಲ್ಲವೂ ನಮ್ಮ ಮನೆಯ ಶೀರ್ ಖುರ್ಮವೂ ಒಟ್ಟೊಟ್ಟಿಗೆ ಬಂದವು. ಉಪವಾಸದ ಮನೆಯಲ್ಲಿ ಅಸರ್‌ನಿಂದ ಮಗ್ರಿಬ್‌ವರೆಗಿನ ಹೊತ್ತು ದೊಡ್ಡವರಿಗೇ ಉದ್ದ. ಉಪವಾಸವಿಲ್ಲದ ಚಿಕ್ಕ ಮಕ್ಕಳು ಅಡುಗೆಮನೆಯಲ್ಲಿ ಕಾಲಿಗೆ ಸಿಕ್ಕಿಕೊಳ್ಳುವುದೂ ಆಗಲೇ.

ಜಪಾನಿ ಹೆಸರು, ನಮ್ಮ ಕಾಗದ

ಒರಿಗಾಮಿ ಎಂಬುದು ಜಪಾನಿ ಪದ. ‘ಒರಿ’ ಎಂದರೆ ಮಡಚುವುದು, ‘ಕಾಮಿ’ ಎಂದರೆ ಕಾಗದ. ಕತ್ತರಿಯಿಲ್ಲದೆ, ಅಂಟಿಲ್ಲದೆ ಒಂದೇ ಚೌಕ ಕಾಗದವನ್ನು ಮಡಚಿ ಆಕಾರ ಮಾಡುವ ಕಲೆ. ಅಕಿರಾ ಯೋಶಿಝಾವಾ (1911-2005) ಎಂಬವರು ಕಾರ್ಖಾನೆಯ ಕೆಲಸ ಬಿಟ್ಟು ಬಡತನದಲ್ಲಿ ಇದನ್ನೇ ಬದುಕಾಗಿಸಿಕೊಂಡರು. ಇಂದು ಯಾವ ಒರಿಗಾಮಿ ಪುಸ್ತಕ ತೆರೆದರೂ ಕಾಣುವ ಚುಕ್ಕಿಗೆರೆ ಮತ್ತು ಬಾಣದ ಗುರುತುಗಳ ಪದ್ಧತಿ ಅವರು ರೂಪಿಸಿದ್ದು.

ಕಾಗದದ ಕಥೆಯಲ್ಲಿ ನಮ್ಮವರ ಪಾಲೂ ಇದೆ. ಚೀನಾದ ಈ ವಿದ್ಯೆ 8ನೇ ಶತಮಾನದಲ್ಲಿ ಸಮರ್‌ಕಂದ್‌ಗೂ ಅದೇ ಶತಮಾನದ ಕೊನೆಗೆ ಬಗ್ದಾದ್‌ಗೂ ಬಂತು. ಅಲ್ಲಿಂದ ಮುಸ್ಲಿಮ್ ಸ್ಪೇನ್‌ವರೆಗೆ ಹೋಯಿತು. ನಾವು ದಿನವೂ ಆಡುವ ‘ಕಾಗದ’ ಎಂಬ ಮಾತು ಪಾರಸಿಯ ‘ಕಾಗಝ್’ನಿಂದ ಬಂದದ್ದು. ಅಂಗಡಿಯವರು ಹೇಳುವ ‘ರೀಮ್’ನ ಮೂಲ ಅರಬಿಯ ‘ರಿಝ್ಮ’, ಅಂದರೆ ಕಟ್ಟು.

ಮಕ್ಕಳ ಕಲಿಕೆಗೆ ಕಾಗದ ಮಡಚುವುದನ್ನು ಶಾಲೆಯೊಳಕ್ಕೆ ತಂದವರು ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್. 1837ರಲ್ಲಿ ಅವರು ಆರಂಭಿಸಿದ ಮಕ್ಕಳ ಶಾಲೆಯೇ ಮುಂದೆ ಕಿಂಡರ್‌ಗಾರ್ಟನ್ ಆಯಿತು. ನೇಯುವುದು, ಪೋಣಿಸುವುದು, ಮಡಚುವುದು ಅಲ್ಲಿನ ಪಾಠಗಳು. ಇದನ್ನು ನೋಡಿ ಮದರಾಸಿನ ಕಡೆಯ ಟಿ. ಸುಂದರ ರಾವ್ ಅವರಿಗೆ ಒಂದು ವಿಚಾರ ಹೊಳೆಯಿತು. ಮಡಿಕೆಯಿಂದಲೇ ರೇಖಾಗಣಿತ ಕಲಿಸಬಹುದೆಂದು ಅವರು ಬರೆದ ಪುಸ್ತಕ 1893ರಲ್ಲಿ ಮದರಾಸಿನಲ್ಲಿ ಅಚ್ಚಾಗಿ, ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲೂ ಪ್ರಕಟವಾಯಿತು. ಆದ್ದರಿಂದ ಇದನ್ನು ಪಟ್ಟಣದ ಇಂಗ್ಲಿಷ್ ಶಾಲೆಯ ಮಕ್ಕಳ ಆಟವೆಂದು ಯಾರೂ ದೂರ ತಳ್ಳಬೇಕಾಗಿಲ್ಲ. ಕಾಗದವನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ ಬಿಡಿಸಿದಾಗ ಮಗು ‘ಕಾಲು ಭಾಗ’ವನ್ನು ಕಣ್ಣಾರೆ ಕಾಣುತ್ತದೆ. ಅಂಚಿಗೆ ಅಂಚು ಕೂಡಿಸಿ ಉಗುರಿನಿಂದ ಗೆರೆ ತೀಡುವ ಬೆರಳು ಮುಂದೆ ಪೆನ್ಸಿಲನ್ನೂ ಗಟ್ಟಿಯಾಗಿ ಹಿಡಿಯುತ್ತದೆ.

ಯಾವ ಕಾಗದ?

ಬಣ್ಣದ ಒರಿಗಾಮಿ ಕಾಗದ ಪಾಮನಕಲ್ಲೂರಿನಲ್ಲಿ ಹುಡುಕಬೇಡಿ, ಬೇಕಾಗಿಯೂ ಇಲ್ಲ. ಕಳೆದ ತಿಂಗಳ ಕ್ಯಾಲೆಂಡರ್ ಹಾಳೆ, ಉಡುಗೊರೆ ಸುತ್ತಿದ ಬಣ್ಣದ ಕಾಗದ, ಮುಗಿದ ನೋಟುಪುಸ್ತಕದ ಹಾಳೆ ಎಲ್ಲವೂ ಆಗುತ್ತವೆ. ಚೌಕ ಮಾಡಲು ಅಳತೆಪಟ್ಟಿ ಬೇಡ. ಹಾಳೆಯ ಅಗಲದ ಅಂಚನ್ನು ಉದ್ದದ ಅಂಚಿನ ಮೇಲೆ ಕೂಡಿಸಿ ಓರೆಯಾಗಿ ಮಡಚಿ, ಹೊರಗುಳಿದ ಪಟ್ಟಿಯನ್ನು ಕತ್ತರಿಸಿ ತೆಗೆಯಿರಿ. ಬಿಡಿಸಿದರೆ ಚೌಕ.

ಒಂದು ಎಚ್ಚರಿಕೆ ನಮ್ಮ ಮನೆಗಳಿಗೆ ವಿಶೇಷವಾಗಿ ಅಗತ್ಯ. ಉರ್ದು ಪತ್ರಿಕೆ, ಮದುವೆಯ ಆಮಂತ್ರಣ, ರಮಝಾನ್ ವೇಳಾಪಟ್ಟಿಗಳಲ್ಲಿ ಬಿಸ್ಮಿಲ್ಲಾ, ಕುರ್‌ಆನ್ ಸೂಕ್ತ ಅಥವಾ ಅಲ್ಲಾಹನ ನಾಮ ಇರುತ್ತದೆ. ಮಕ್ಕಳು ಮಡಚಿದ್ದು ಕೊನೆಗೆ ನೆಲಕ್ಕೆ, ಕಾಲಡಿಗೆ, ಕಸದ ಬುಟ್ಟಿಗೆ ಬೀಳುವುದೇ. ಅಂತಹ ಹಾಳೆಗಳನ್ನು ಮೊದಲೇ ಬೇರ್ಪಡಿಸಿ ಗೌರವದಿಂದ ಎತ್ತಿಡಿ. ಉಳಿದ ಕಾಗದವನ್ನು ಮಾತ್ರ ಮಕ್ಕಳ ಡಬ್ಬಿಗೆ ಹಾಕಿ.

ಹಕ್ಕಿ, ಚಿಟ್ಟೆಯಂತಹ ಜೀವಿಗಳ ಆಕಾರ ಮಾಡಿಸಬಹುದೇ ಎಂದು ಕೆಲವು ಸಹೋದರಿಯರು ಅಳುಕುತ್ತಾರೆ. ಸುನನ್ ಅಬೂದಾವೂದ್‌ನ ಒಂದು ವರದಿಯನ್ನು ಇಲ್ಲಿ ನೆನೆಯಬಹುದು. ಗಾಳಿಗೆ ಪರದೆ ಸರಿದಾಗ ಹ. ಆಇಶಾ(ರ)ರ ಆಟದ ಗೊಂಬೆಗಳ ನಡುವೆ ಚಿಂದಿಯಿಂದ ಮಾಡಿದ ಎರಡು ರೆಕ್ಕೆಗಳಿರುವ ಕುದುರೆಯೊಂದು ಪ್ರವಾದಿವರ್ಯರ(ಸ) ಕಣ್ಣಿಗೆ ಬಿತ್ತು. ಕುದುರೆಗೆ ರೆಕ್ಕೆಯೇ ಎಂದು ಅವರು ಕೇಳಿದರು. ಹ. ಸುಲೈಮಾನ್(ಅ)ರ ಬಳಿ ರೆಕ್ಕೆಯ ಕುದುರೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಇಶಾ(ರ) ಮರುಪ್ರಶ್ನಿಸಿದಾಗ, ದವಡೆ ಹಲ್ಲು ಕಾಣುವಷ್ಟು ನಕ್ಕರು. ಮಕ್ಕಳ ಆಟಿಕೆಯ ವಿಷಯದಲ್ಲಿ ವಿದ್ವಾಂಸರಲ್ಲಿ ಅನೇಕರು ರಿಯಾಯಿತಿ ತೋರಿರುವುದಕ್ಕೆ ಇಂತಹ ವರದಿಗಳೇ ಆಧಾರ. ಆದರೂ ಮನಸ್ಸು ಒಪ್ಪದ ಮನೆಯವರು ಕಣ್ಣು-ಮೂಗು ಬಿಡಿಸದೆ ಬಿಡಲಿ, ಅಥವಾ ಹೂ-ಎಲೆಗಳಿಗೇ ನಿಲ್ಲಲಿ. ಅದಕ್ಕಾಗಿ ಮನೆಯಲ್ಲಿ ವಾದ ಬೇಡ.

ಮೂರು ವರ್ಷದವರಿಗೆ ಚಿಟ್ಟೆ

ಕಾಗದವನ್ನು ಒಂದಂಚಿನಿಂದ ಶುರು ಮಾಡಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸಣ್ಣಗೆ ಮಡಚುತ್ತಾ ಹೋಗುವುದು. ಸೀರೆಯ ನೆರಿಗೆ ಹಿಡಿದ ಹಾಗೆ ಎಂದರೆ ಮಗುವಿಗೆ ತಕ್ಷಣ ತಿಳಿಯುತ್ತದೆ. ಮುಗಿದ ಮೇಲೆ ನಡುವಿಗೆ ನೀವು ದಾರ ಕಟ್ಟಿ, ಎರಡೂ ಬದಿಯನ್ನು ಬೀಸಣಿಕೆಯಂತೆ ಬಿಡಿಸಲು ಮಗುವಿಗೆ ಬಿಡಿ. ದಾರ ಕಟ್ಟಿದರೆ ಒರಿಗಾಮಿ ಅಲ್ಲ ಎಂದು ಪಂಡಿತರು ಹೇಳಿಯಾರು. ಮೂರು ವರ್ಷದ ಮಗು ಹೇಳುವುದಿಲ್ಲ.

ಹತ್ತಿ ಹೂವಾದ ಟ್ಯೂಲಿಪ್

ವಸಂತದ ಒರಿಗಾಮಿ ಎಂದರೆ ಪುಸ್ತಕಗಳಲ್ಲೆಲ್ಲ ಟ್ಯೂಲಿಪ್. ಪಾರಸಿ-ಉರ್ದುವಿನ ‘ಲಾಲಾ’ ಎಂಬ ಹೂ ಇದೇ. ಉಸ್ಮಾನೀ ತುರ್ಕಿಯರು ಇದನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ 1718ರಿಂದ 1730ರ ಕಾಲಕ್ಕೆ ‘ಲಾಲೆ ಯುಗ’ ಎಂದೇ ಹೆಸರು. ಅರಬಿ ಲಿಪಿಯಲ್ಲಿ ‘ಲಾಲೆ’ ಬರೆಯಲು ಬೇಕಾದ ಅಕ್ಷರಗಳೂ ‘ಅಲ್ಲಾಹ್’ ಎಂಬುದರ ಅಕ್ಷರಗಳೂ ಒಂದೇ ಆಗಿರುವುದರಿಂದ ಅವರ ಮಸೀದಿಗಳ ಹೆಂಚಿನ ಚಿತ್ತಾರದಲ್ಲೂ ಈ ಹೂ ತುಂಬಿತು. ನಮ್ಮ ದೇಶದಲ್ಲಿ ಇದನ್ನು ಕಣ್ತುಂಬ ನೋಡಬೇಕಾದರೆ ಶ್ರೀನಗರಕ್ಕೇ ಹೋಗಬೇಕು.

ಆದರೆ ನಮ್ಮ ಕಡೆಯ ಮಗುವಿಗೆ ಅದೇ ಆಕಾರದ ಇನ್ನೊಂದು ಹೂ ಗೊತ್ತಿದೆ. ಅದು ಹತ್ತಿ ಹೂ. ಮೊದಲ ದಿನ ತಿಳಿಹಳದಿಯಾಗಿ ಅರಳಿ, ಮರುದಿನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗುವ ಹೂ. ಇದು ವಸಂತದ್ದಲ್ಲ, ಮಳೆಗಾಲ ಕಳೆಯುವಾಗಿನದು ಎಂದು ಮನೆಯ ಹಿರಿಯರು ನಗಬಹುದು. ನಗಲಿ. ಕಾಗದದ ಹೊಲಕ್ಕೆ ಯಾವ ಋತುವಾದರೇನು?

ಕಾಗದದ ಒಂದು ಮೂಲೆ ಮಗುವಿನ ಕಡೆಗೆ ಇರಲಿ. ಆ ಮೂಲೆಯನ್ನೆತ್ತಿ ಮೇಲಿನ ಮೂಲೆಗೆ ಕೂಡಿಸಿದರೆ ಸಮೋಸದಂತಹ ತ್ರಿಕೋನ. ಈಗ ಎಡಮೂಲೆಯನ್ನು ಓರೆಯಾಗಿ ಮೇಲೆತ್ತಿ, ನಡುವಿನ ತುದಿಯಿಂದ ಸ್ವಲ್ಪ ಎಡಕ್ಕೆ ಹೊರಚಾಚುವಂತೆ ಮಡಚಬೇಕು. ಬಲಮೂಲೆಯೂ ಹಾಗೆಯೇ ಬಲಕ್ಕೆ. ಮೂರು ತುದಿಗಳ ಹೂ ಸಿದ್ಧ. ಒಂದನ್ನು ಹಳದಿ, ಒಂದನ್ನು ಗುಲಾಬಿ ಕಾಗದದಲ್ಲಿ ಮಾಡಿಸಿ. ಹಿಂಬದಿಗೆ ಬೇವಿನ ಕಡ್ಡಿ ಅಂಟಿಸಲು ನಾಲ್ಕು ಅಗುಳು ಅನ್ನ ಸಾಕು. ನಾಲ್ಕು ತುಂಬಿದ ಮಗು ಒಮ್ಮೆ ತೋರಿಸಿದರೆ ಕಲಿಯುತ್ತದೆ. ಮೂಲೆ ಸರಿಯಾಗಿ ಕೂಡದಿದ್ದರೆ ನೀವು ತಿದ್ದಲು ಹೋಗಬೇಡಿ, ವಕ್ರವಾದ ಹೂವೂ ಹೂವೇ. ತಿದ್ದಿಸಿಕೊಂಡ ಮಗು ಎರಡನೆಯ ಹೂವಿಗೆ ಕೈಹಾಕುವುದಿಲ್ಲ.

ಆರು ದಾಟಿದವರಿಗೆ ಬೆಳ್ಳಕ್ಕಿ

ಸಿಂಧನೂರು ಕಡೆಯ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಹಿಂಡುಗಟ್ಟಿ ಬರುವ ಬೆಳ್ಳಕ್ಕಿಯನ್ನು ನೋಡದ ಮಗುವಿಲ್ಲ. ಬಿಳಿಯ ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ ಬಿಡಿಸಿ, ನಡುಗೆರೆ ಮೂಡಿಸಿ. ಒಂದು ತುದಿಯ ಎರಡೂ ಪಕ್ಕದ ಅಂಚುಗಳನ್ನು ನಡುಗೆರೆಗೆ ತಂದರೆ ಗಾಳಿಪಟದ ಆಕಾರ. ಅದನ್ನು ಮಗುಚಿ ಹಾಕಿ, ಎರಡೂ ಬದಿಯನ್ನು ಇನ್ನೊಮ್ಮೆ ನಡುಗೆರೆಗೆ ಮಡಚಿ. ಈಗ ಚೂಪು ತುದಿಯನ್ನು ಎದುರಿನ ಅಗಲದ ತುದಿಗೆ ತನ್ನಿ, ಇದು ಕತ್ತು. ಅದರ ತುದಿಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಇದು ಕೊಕ್ಕು. ಕತ್ತು ಹೊರಗೆ ಉಳಿಯುವಂತೆ ಇಡೀ ಕಾಗದವನ್ನು ನಡುಗೆರೆಯಲ್ಲಿ ಹಿಂದಕ್ಕೆ ಮಡಚಿ, ಮೈಯನ್ನು ಒಂದು ಕೈಯಲ್ಲಿ ಹಿಡಿದು ಕತ್ತನ್ನು ಮೆಲ್ಲನೆ ಮೇಲಕ್ಕೆಳೆದು ಬುಡ ಒತ್ತಿದರೆ ಹಕ್ಕಿ ನಿಲ್ಲುತ್ತದೆ. ಮೊದಲ ಸಲ ತಾಯಿಯೂ ತಡವರಿಸುವ ಮಡಿಕೆ ಇದು. ಮಕ್ಕಳಿಗೆ ತೋರಿಸುವ ಮೊದಲು ನೀವೊಬ್ಬರೇ ಕುಳಿತು ಎರಡು ಸಲ ಮಾಡಿ ನೋಡಿ.

ದೋಣಿಯನ್ನು ಕಲಿಸಬೇಕಾಗಿಲ್ಲ, ಎಲ್ಲ ಅಜ್ಜಿಯರಿಗೂ ಬರುತ್ತದೆ. ತೇಲಿಸಲು ಮಾತ್ರ ಈ ಋತುವಿನಲ್ಲಿ ನೀರಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020ರ ಕೊನೆಯಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕುಳಿತದ್ದು ಇದೇ ಪಾಮನಕಲ್ಲೂರಿನಲ್ಲಿ. ಮಕ್ಕಳು ಕೇಳಿದರೆ ಆ ಕಥೆಯನ್ನೂ ಹೇಳಿ. ದೋಣಿಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿ ಅಟ್ಟದ ಮೇಲಿಡಿ. ಜೂನ್‌ನಲ್ಲಿ ಮಿರಗದ ಮಳೆ ಬಂದು ಮನೆಮುಂದೆ ನೀರು ಹರಿದ ದಿನ ಇಳಿಸಿದರಾಯಿತು.