ಘಟ್ಟ ಇಳಿಯುವ ಮುನ್ನ ಒಂದಿಷ್ಟು ತಯಾರಿ

‘ಡಿಗ್ರಿ ಮುಗೀತು, ಕೆಲಸ ಹುಡುಕೋದು ಬಿಟ್ಟು ಮಂಗಳೂರಿಗೆ ಯಾರನ್ನ ಸೇರಿಸ್ಕೊಳ್ಳೋಕೆ ಹೊರಟಿದ್ದೀಯಪ್ಪಾ?’ ಎದುರು ಮನೆಯ ಅಂಕಲ್ ನಗುತ್ತಲೇ ಕೇಳಿದರು. ಆದರೂ ಅಮ್ಮನ ಮುಖ ಸಣ್ಣದಾಯಿತು.

ಮೇ ತಿಂಗಳಲ್ಲಿ ಎಂಟು ದಿನಕ್ಕೆ ನಾವು ಹನ್ನೊಂದು ಜನ ಹೊರಟಿದ್ದೇವೆ. ಹಿರಿಯೂರಿನಿಂದ ಮೂವರು, ಹೊಸದುರ್ಗ ಮತ್ತು ಹೊಳಲ್ಕೆರೆಯಿಂದ ಇಬ್ಬಿಬ್ಬರು, ಉಳಿದವರು ಚಿತ್ರದುರ್ಗದವರು. ಚರ್ಚಿನ ಚೀಟಿಯಲ್ಲಿ ಇದಕ್ಕೆ ‘ಯುವಜನರ ಸೇವಾ ಪ್ರವಾಸ’ ಎಂದು ಹೆಸರು. ಮಂಗಳೂರಿನ ದೊಡ್ಡಾಸ್ಪತ್ರೆಗಳಿಗೆ ಘಟ್ಟದ ಮೇಲಿನ ಜಿಲ್ಲೆಗಳಿಂದಲೂ ರೋಗಿಗಳು ಹೋಗುತ್ತಾರೆ. ಅವರ ಜೊತೆ ಬಂದವರಿಗೆ ಊಟ ತಂದುಕೊಡುವುದು, ಫಾರಂ ತುಂಬಿಕೊಡುವುದು, ಔಷಧಿ ಅಂಗಡಿ ತೋರಿಸುವುದು ನಮ್ಮ ಕೆಲಸ. ಕೇಳಲು ಸಣ್ಣದು. ಆದರೆ ಭಾಷೆ ಗೊತ್ತಿಲ್ಲದ ಊರಲ್ಲಿ, ಕೈಯಲ್ಲಿ ಸ್ಕ್ಯಾನಿಂಗ್ ಚೀಟಿ ಹಿಡಿದು ನಿಂತವರಿಗೆ ಅದು ಸಣ್ಣದಲ್ಲ.

ಎದುರು ಮನೆಯವರ ಪ್ರಶ್ನೆ ಸುಮ್ಮನೆ ಹುಟ್ಟಿದ್ದೂ ಅಲ್ಲ. 2021ರಲ್ಲಿ ಹೊಸದುರ್ಗದ ಅಂದಿನ ಶಾಸಕರು ತಮ್ಮ ತಾಯಿಯನ್ನೇ ಮತಾಂತರ ಮಾಡಲಾಗಿದೆ ಎಂದು ವಿಧಾನಸಭೆಯಲ್ಲಿ ಹೇಳಿದ್ದರು. ಮರುವರ್ಷ ಮತಾಂತರ ತಡೆ ಕಾಯ್ದೆಯೂ ಬಂತು. ಆಮೇಲೆ ನಮ್ಮ ಕಡೆ ಹುಡುಗರು ಗುಂಪಾಗಿ ಬೈಬಲ್ ಹಿಡಿದು ಬಸ್ ಹತ್ತಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಹಾಗಾಗಿ ಮೊದಲ ಭಾನುವಾರದ ಸಭೆ ಪೂರ್ತಿ ಇದೇ ಮಾತಿಗೆ ಹೋಯಿತು. ಹೊಸದುರ್ಗದ ಗೆಳೆಯ ಎದ್ದು ನಿಂತು, ‘ನಂಬಿಕೆ ಬಚ್ಚಿಟ್ಟುಕೊಂಡು ಯಾಕೆ ಹೋಗಬೇಕು?’ ಎಂದ. ‘ಬಚ್ಚಿಡಬೇಡಪ್ಪ, ಆದರೆ ಮಂಚದ ಮೇಲೆ ಮಲಗಿರೋರು ಎದ್ದು ಹೋಗೋಕೆ ಆಗಲ್ಲ, ಅವರ ಮುಂದೆ ಮಾತಾಡೋದು ನ್ಯಾಯ ಅಲ್ಲ’ ಎಂದರು ನಮ್ಮ ತಂಡದ ಹಿರಿಯರಾದ ನಿವೃತ್ತ ನರ್ಸಮ್ಮ. ಕೊನೆಗೆ ನಿಯಮವಾಯಿತು: ಅವರಾಗಿ ಕೇಳದೆ ಪ್ರಾರ್ಥನೆ ಇಲ್ಲ, ಕರಪತ್ರ ಇಲ್ಲ, ರೋಗಿಗಳ ಫೋಟೊ ಇಲ್ಲವೇ ಇಲ್ಲ. ನನಗೆ ಇದು ಸರಿ ಎನಿಸಿತು. ಗೆಳೆಯನಿಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ, ಆದರೂ ಬರುತ್ತಿದ್ದಾನೆ.

ಉಳಿದ ಪಾಠವೆಲ್ಲ ಸೆಕೆಯದು. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬಿದ್ದರೆ ಮಂಗಳೂರಿನಲ್ಲಿ 3,500 ಮಿ.ಮೀ. ದಾಟುತ್ತದೆ. ಚಿತ್ರದುರ್ಗದ ಬಿಸಿಲು ಸುಡುತ್ತದೆ ನಿಜ, ಆದರೆ ನೆರಳಿಗೆ ಬಂದರೆ ಬೆವರು ಆರುತ್ತದೆ. ಕರಾವಳಿಯ ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ, ಮೈ ತಂಪಾಗುವುದೂ ಇಲ್ಲ. ಅದಕ್ಕೇ ಜೀನ್ಸ್ ಬೇಡ, ತೆಳು ಹತ್ತಿ ಬಟ್ಟೆ ಮಾತ್ರ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂದು ನರ್ಸಮ್ಮ ಬಾಯಿಪಾಠ ಮಾಡಿಸಿದ್ದಾರೆ. ಮಲೇರಿಯಾ ಮಂಗಳೂರಿಗೆ ಹಳೆಯ ತಲೆನೋವು, ಸೊಳ್ಳೆಪರದೆ ಇಲ್ಲದೆ ಯಾರೂ ಮಲಗುವಂತಿಲ್ಲ. ವಾಪಸ್ ಬಂದು ಕೆಲವು ವಾರದ ಮೇಲೆ ಜ್ವರ ಬಂದರೂ ‘ಮಂಗಳೂರಿಗೆ ಹೋಗಿದ್ದೆ’ ಎಂದು ಡಾಕ್ಟರಿಗೆ ಮೊದಲು ಹೇಳಬೇಕಂತೆ. ಈ ಮಾತು ಪ್ರವಾಸ ಹೋಗುವ ಎಲ್ಲ ಕಾಲೇಜು ಹುಡುಗರಿಗೂ ಉಪಯೋಗ.

ಇನ್ನು ಕಡಲು. ಹಿರಿಯೂರಿನವರಾದ ನಾವು ಕಂಡ ದೊಡ್ಡ ನೀರೆಂದರೆ ಮಾರಿಕಣಿವೆ. 2022ರಲ್ಲಿ ಅದು ಕೋಡಿ ಬಿದ್ದಾಗ ಇಡೀ ಜಿಲ್ಲೆಯೇ ನೋಡಲು ಬಂದಿತ್ತು. ನಮ್ಮ ತಂಡದಲ್ಲಿ ಈಜು ಬರುವವನು ಒಬ್ಬನೇ. ಸೋಮೇಶ್ವರದ ಬಂಡೆ ಹತ್ತಿ ಸೆಲ್ಫಿ ತೆಗೆಯುವ ಆಸೆ ಯಾರಿಗಿದೆಯೋ ಅವರು ಈಗಲೇ ಮನೆಯಲ್ಲಿ ಉಳಿಯಬಹುದು ಎಂದು ಸಭಾಪಾಲಕರು ಖಡಕ್ಕಾಗಿ ಹೇಳಿದ್ದಾರೆ.

ನನಗೆ ಹೆಚ್ಚು ಹಿಡಿಸಿದ್ದು ಭಾಷೆಯ ತಯಾರಿ. ಮಂಗಳೂರಿನಲ್ಲಿ ಕನ್ನಡ ನಡೆಯುತ್ತದೆ, ಆದರೂ ‘ಎಂಚ ಉಲ್ಲರ್?’, ‘ವನಸ್ ಆಂಡಾ?’ ಎಂದರೆ ಎದುರಿನವರ ಮುಖ ಅರಳುತ್ತದೆ ಎಂದು ಅಲ್ಲಿ ಓದಿದ ಅಕ್ಕ ಒಬ್ಬರು ಫೋನಿನಲ್ಲಿ ಪಾಠ ಮಾಡುತ್ತಿದ್ದಾರೆ. ಅವರಿಂದಲೇ ಬಾಸೆಲ್ ಮಿಷನ್ನಿನ ಕಥೆ ಕೇಳಿದ್ದು. ಆ ಸಂಸ್ಥೆಯ ಮೊದಲ ಮೂವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಅವರು ಬಂದಿದ್ದು ಧರ್ಮಪ್ರಚಾರಕ್ಕೇ, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಆದರೆ ಅವರ ಹಿಂದೆ ಬಂದವರು ಜನರ ಮಾತಿಗೆ ಕಿವಿಗೊಟ್ಟ ಬಗೆ ದೊಡ್ಡದು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದರು, ನಾವು ಈಗ ಓದುವ ಕನ್ನಡ ಪತ್ರಿಕೆಗಳಿಗೆಲ್ಲ ಅದೇ ಹಿರಿಯಜ್ಜ. ಮ್ಯಾನರ್ 1886ರಲ್ಲಿ ತುಳು ನಿಘಂಟು ಮಾಡಿದರು. 1853ರಲ್ಲಿ ಬಂದ ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷ! ಎಂಟು ದಿನಕ್ಕೆ ಹೊರಟವರು ನಾವು, ಇಪ್ಪತ್ತು ತುಳು ಪದ ಕಲಿಯಲು ಒದ್ದಾಡುತ್ತಿದ್ದೇವೆ.

ತಲೆಗೆ ಎರಡೂವರೆ ಸಾವಿರ ಖರ್ಚು. ಮನೆಯಲ್ಲಿ ಕೇಳಬಾರದು ಎಂಬ ಮಾತಾಗಿದೆ. ಹೊಸದುರ್ಗದವರು ತೆಂಗಿನಕಾಯಿ ಸುಲಿಯಲು ಹೋಗುತ್ತಿದ್ದಾರೆ, ನಾನು ಎರಡು ಅಂಗಡಿಗಳ ಲೆಕ್ಕ ಬರೆಯುತ್ತಿದ್ದೇನೆ. ಬಿ.ಕಾಂ. ಆದ ಮೇಲೆ ನನ್ನ ಕೈಗೆ ಬಂದ ಮೊದಲ ದುಡ್ಡು ಇದು, ಅದನ್ನು ಬಸ್ ಚಾರ್ಜಿಗೆ ಹಾಕುವುದಾ ಎಂದು ಅಪ್ಪ ಗೊಣಗಿದರೂ ಮೊನ್ನೆ ತಮ್ಮ ಟಾರ್ಚನ್ನು ಸದ್ದಿಲ್ಲದೆ ನನ್ನ ಬ್ಯಾಗಿನ ಪಕ್ಕ ಇಟ್ಟಿದ್ದರು. ಆ ಎಂಟು ದಿನದಲ್ಲೇ ಯಾವುದಾದರೂ ಸಂದರ್ಶನಕ್ಕೆ ಕರೆ ಬಂದರೆ ನಾನು ರಾತ್ರಿ ಬಸ್ಸಿಗೆ ವಾಪಸ್, ಆ ಷರತ್ತಿಗೆ ತಂಡವೂ ಒಪ್ಪಿದೆ.

ಈಗ ಉಳಿದಿರುವುದು ಹೊಳಲ್ಕೆರೆಯ ಹುಡುಗಿಯ ವಿಷಯ. ನರ್ಸಿಂಗ್ ಓದುತ್ತಿರುವ ಅವಳೇ ನಮಗೆ ಹೆಚ್ಚು ಬೇಕಾದವಳು, ಅವರಪ್ಪ ಇನ್ನೂ ಹೂಂ ಅಂದಿಲ್ಲ. ನಮ್ಮ ನಿಯಮಗಳ ಹಾಳೆ, ಉಳಿಯುವ ಜಾಗದ ವಿಳಾಸ, ನರ್ಸಮ್ಮನವರ ನಂಬರು ಎಲ್ಲ ಬರೆದುಕೊಂಡು ಈ ಭಾನುವಾರ ನಾಲ್ಕು ಜನ ಅವರ ಮನೆಗೆ ಹೋಗುತ್ತಿದ್ದೇವೆ.