ತೊಟ್ಟಿಲ ಬಳಿಯ ಹಾಡು: ಮಗುವಿನ ಮೊದಲ ಪಾಠ

ಹನೂರು ತಾಲ್ಲೂಕಿನ ಶಾಗ್ಯ ಮತ್ತು ಅದರ ಸುತ್ತಲಿನ ಗ್ರಾಮಗಳು ಹಾಡಿನ ಸೀಮೆಗೆ ಸೇರಿದವು. ಮಲೆ ಮಹದೇಶ್ವರನ ಮಹಿಮೆಯನ್ನು ಕಂಸಾಳೆಯವರೂ ಮಂಟೇಸ್ವಾಮಿಯ ಕಥೆಯನ್ನು ನೀಲಗಾರರೂ ಇರುಳೆಲ್ಲ ಹಾಡಬಲ್ಲರು. ಈ ಪದಗಳನ್ನು ಅವರು ಪುಸ್ತಕ ಓದಿ ಕಲಿತವರಲ್ಲ. ಹಿರಿಯರ ಬಾಯಿಂದ ಕೇಳಿ ಕಲಿತವರು. ಮಗು ಮಾತು ಕಲಿಯುವುದೂ ಹೀಗೆಯೇ. ಆದರೆ ಹೊಲದ ಕೆಲಸ, ದನಕರುಗಳ ಆರೈಕೆ, ಕೂಲಿ ಇವುಗಳ ನಡುವೆ ಎಷ್ಟೋ ಮನೆಗಳಲ್ಲಿ ಕೂಸು ಯಾರ ಮಾತೂ ಇಲ್ಲದೆ ಜೋಲಿಯಲ್ಲಿ ಮಲಗಿರುತ್ತದೆ. ಅತ್ತರೆ ಅದರ ಮುಂದೆ ಮೊಬೈಲ್ ಹಿಡಿಯುವವರೂ ಉಂಟು. "ಮಾತೇ ಬಾರದ ಕೂಸಿಗೆ ಹಾಡಿದರೆ ಏನು ತಿಳಿದೀತು?" ಎಂಬುದು ಅನೇಕರ ಪ್ರಶ್ನೆ.

ಮಗುವಿಗೆ ಏನು ತಿಳಿಯುತ್ತದೆ?

ಗರ್ಭದಲ್ಲಿ ಆರೇಳು ತಿಂಗಳು ತುಂಬುವಷ್ಟರಲ್ಲಿಯೇ ಶಿಶುವಿನ ಕಿವಿಗೆ ಶಬ್ದ ಕೇಳಿಸತೊಡಗುತ್ತದೆ. ಆದ್ದರಿಂದ ಹುಟ್ಟಿದ ಕೆಲವೇ ದಿನಗಳಲ್ಲಿ ಮಗು ತಾಯಿಯ ದನಿಯನ್ನು ಇತರರ ದನಿಯಿಂದ ಬೇರ್ಪಡಿಸಿ ಗುರುತಿಸಬಲ್ಲುದು. ಮೊದಲ ಎರಡು ಮೂರು ವರ್ಷಗಳಲ್ಲಿ ಮಿದುಳು ಬೆಳೆಯುವಷ್ಟು ವೇಗವಾಗಿ ಮುಂದೆಂದೂ ಬೆಳೆಯುವುದಿಲ್ಲ. ಈ ಕಾಲದಲ್ಲಿ ಎದೆಹಾಲು ಮತ್ತು ಪೌಷ್ಟಿಕ ಆಹಾರ ದೇಹಕ್ಕೆ ಎಷ್ಟು ಅವಶ್ಯವೋ, ಮಾತು ಮತ್ತು ಹಾಡು ಬುದ್ಧಿಗೆ ಅಷ್ಟೇ ಅವಶ್ಯ.

ಸಾಮಾನ್ಯ ಮಾತಿಗಿಂತ ಹಾಡು ನಿಧಾನ. ಅದರಲ್ಲಿ ಒಂದೇ ಪದ ಮತ್ತೆ ಮತ್ತೆ ಬರುತ್ತದೆ. ಪ್ರಾಸದಿಂದಾಗಿ ಪದದ ಕೊನೆ ಕಿವಿಗೆ ನಾಟುತ್ತದೆ. ಹೀಗೆ ಮಗು ಮಾತಿನ ಹರಿವಿನಲ್ಲಿ ಪದಗಳನ್ನು ಬಿಡಿಸಿಕೊಳ್ಳಲು ಕಲಿಯುತ್ತದೆ.

ಹಾಡುವುದು ಹೇಗೆ?

1. ನಿಮ್ಮ ಮುಖವನ್ನು ಮಗುವಿನ ಮುಖದಿಂದ ಒಂದು ಗೇಣಿನಷ್ಟು ದೂರದಲ್ಲಿ ಹಿಡಿಯಿರಿ. ಎಳೆಗೂಸಿಗೆ ಚೆನ್ನಾಗಿ ಕಾಣುವುದು ಅಷ್ಟೇ ದೂರದ ವಸ್ತು.

2. ಒಂದು ಸಾಲು ಹಾಡಿ ನಿಲ್ಲಿಸಿರಿ. ಮಗು ಕಣ್ಣರಳಿಸಿ, ಕಾಲು ಬಡಿದು, ಇಲ್ಲವೆ "ಊ" ಎಂದು ಉತ್ತರ ಕೊಡುವವರೆಗೆ ಕಾಯಿರಿ. ಅನಂತರ ಮುಂದಿನ ಸಾಲು ಹಾಡಿರಿ. ಹೀಗೆ ಸರದಿ ಕಾಯುವುದೇ ಸಂಭಾಷಣೆಯ ಆರಂಭ.

3. ಇದಕ್ಕೆ ಬೇರೆ ವೇಳೆ ಬೇಕಿಲ್ಲ. ಹಾಲೂಡುವಾಗ, ಎಣ್ಣೆ ಹಚ್ಚಿ ಮೀಯಿಸುವಾಗ, ಜೋಲಿ ತೂಗುವಾಗ ಹಾಡಿದರೆ ಸಾಕು.

4. ಆರು ತಿಂಗಳಾದ ಮೇಲೆ ಚಪ್ಪಾಳೆ, ಕಚಗುಳಿ, ಬೆರಳಾಟದ ಪದಗಳನ್ನು ಸೇರಿಸಿರಿ. ವರ್ಷ ತುಂಬಿದ ಮಗುವಿಗೆ ಆನೆ, ಹಸು, ಕಾಗೆಯ ಪದ್ಯಗಳನ್ನು ಅಭಿನಯದೊಡನೆ ಹೇಳಿರಿ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮೊದಲಾದವರು ಮಕ್ಕಳಿಗಾಗಿಯೇ ಬರೆದ ಪದ್ಯಗಳು ನಮ್ಮಲ್ಲಿ ಧಾರಾಳವಾಗಿವೆ. ಅಂಗನವಾಡಿ ಕಾರ್ಯಕರ್ತೆಯಿಂದಲೂ ಶಿಶುಗೀತೆಗಳನ್ನು ಕಲಿಯಬಹುದು.

ಕಂಠ ಚೆನ್ನಾಗಿಲ್ಲವೆಂದು ಸಂಕೋಚಪಡಬೇಡಿರಿ. ಹಾಡು ಬಾರದಿದ್ದರೆ "ಕೈ ತೊಳೆದೆವು, ಕಾಲು ತೊಳೆದೆವು" ಎಂದು ಮಾಡುತ್ತಿರುವ ಕೆಲಸವನ್ನೇ ರಾಗವಾಗಿ ಹೇಳಿರಿ. ಗಡಿನಾಡಾದ ಈ ಸೀಮೆಯಲ್ಲಿ ಕನ್ನಡದಂತೆ ತಮಿಳನ್ನೂ ಸೋಲಿಗರ ನುಡಿಯನ್ನೂ ಆಡುವ ಮನೆಗಳಿವೆ. ನಿಮ್ಮ ಮನೆಯ ಮಾತು ಯಾವುದೋ ಅದರಲ್ಲಿಯೇ ಹಾಡಿರಿ. ಅದರಿಂದ ಮುಂದೆ ಶಾಲೆಯ ಕಲಿಕೆಗೆ ಅಡ್ಡಿಯಾಗದು.

ಮೊಬೈಲ್ ಹಾಡಬಲ್ಲುದು, ಆದರೆ ಮಗುವಿನ ನಗುವಿಗೆ ನಗುವನ್ನು ಹಿಂತಿರುಗಿಸಲಾರದು. ಒಂದು ವರ್ಷದೊಳಗಿನ ಮಕ್ಕಳಿಗೆ ಮೊಬೈಲ್, ಟೀವಿ ತೋರಿಸಲೇಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆ ನೀಡಿದೆ.

ತಂದೆಯ ಪಾಲು

ಜೋಗುಳ ಹೆಂಗಸರ ಕೆಲಸವೆಂದು ಗಂಡಂದಿರು ದೂರ ನಿಲ್ಲುವುದು ಸರಿಯಲ್ಲ. ಸಂಜೆ ಹೆಂಡತಿ ಒಲೆಯ ಮುಂದಿರುವಾಗ ಮಗುವನ್ನೆತ್ತಿಕೊಂಡು ನಾಲ್ಕು ಪದ ಹಾಡುವ ತಂದೆ ಅವಳ ಹೊರೆಯನ್ನು ಇಳಿಸುತ್ತಾನೆ, ಮಗುವಿನ ಒಲವನ್ನೂ ಗಳಿಸುತ್ತಾನೆ. ಕೂಲಿಗಾಗಿ ಪರಊರಿಗೆ ಹೋಗುವವರು ಮನೆಗೆ ಬಂದ ದಿನಗಳಲ್ಲಿ ಒಂದೇ ಹಾಡನ್ನು ಪ್ರತಿ ಸಲವೂ ಹಾಡಲಿ. ಮಗು ಆ ಹಾಡಿನಿಂದಲೇ ತಂದೆಯನ್ನು ಗುರುತಿಸೀತು. ಒಂದು ಮಗುವಿಗೂ ಮತ್ತೊಂದಕ್ಕೂ ಸುಮಾರು ಮೂರು ವರ್ಷಗಳ ಅಂತರವಿದ್ದರೆ ಪ್ರತಿಯೊಂದಕ್ಕೂ ಈ ಮಡಿಲ ವೇಳೆ ಪೂರ್ಣವಾಗಿ ದೊರೆಯುತ್ತದೆ.

ಹಾಡಿನಿಂದ ಕಿವಿಯ ಪರೀಕ್ಷೆ

ಹಾಡುವ ತಾಯಿತಂದೆಯರಿಗೆ ಇನ್ನೊಂದು ದೊಡ್ಡ ಲಾಭವಿದೆ. ಮಗುವಿಗೆ ಕಿವಿ ಕೇಳಿಸುವುದೋ ಇಲ್ಲವೋ ಎಂಬುದು ಅವರಿಗೇ ಮೊದಲು ತಿಳಿಯುತ್ತದೆ. ಮೂರು ತಿಂಗಳ ಹೊತ್ತಿಗೆ ಮಗು ಪರಿಚಿತ ದನಿ ಕೇಳಿ ಅಳು ನಿಲ್ಲಿಸಬೇಕು. ಆರು ತಿಂಗಳಿಗೆ, ನೀವು ಕಣ್ಣಿಗೆ ಬೀಳದಂತೆ ಪಕ್ಕದಿಂದ ಹಾಡಿದರೂ ಅತ್ತ ತಿರುಗಬೇಕು. ವರ್ಷ ತುಂಬುವಾಗ ಹೆಸರು ಕರೆದರೆ ನೋಡಬೇಕು.

ಹಾಗಾಗದಿದ್ದರೆ "ಇವರಪ್ಪನೂ ತಡವಾಗಿ ಮಾತು ಕಲಿತ" ಎಂಬ ಸಮಾಧಾನದಿಂದ ಕಾಲ ಕಳೆಯಬೇಡಿರಿ. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಇತರ ಮಕ್ಕಳಂತೆಯೇ ದನಿ ಮಾಡುವುದರಿಂದ ಮನೆಯವರು ಮೋಸಹೋಗುವುದುಂಟು. ಸೋದರಮಾವ, ಅಕ್ಕನ ಮಗಳು ಮುಂತಾದ ರಕ್ತಸಂಬಂಧದಲ್ಲಿ ಮದುವೆಯಾದವರೂ, ಕಡಿಮೆ ತೂಕದಿಂದ ಹುಟ್ಟಿದ ಅಥವಾ ತೀವ್ರ ಕಾಮಾಲೆಯಾಗಿದ್ದ ಮಕ್ಕಳ ಪೋಷಕರೂ ವಿಶೇಷ ಎಚ್ಚರ ವಹಿಸಬೇಕು. ಸಂಶಯ ಬಂದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆರು ತಿಂಗಳೊಳಗೆ ದೋಷವನ್ನು ಗುರುತಿಸಿ ಶ್ರವಣ ಸಾಧನ ಮತ್ತು ತರಬೇತಿ ಆರಂಭಿಸಿದರೆ ಅಂತಹ ಮಗುವೂ ಮಾತು ಕಲಿತು ಎಲ್ಲರೊಡನೆ ಶಾಲೆಗೆ ಹೋಗುವ ಸಂಭವ ಹೆಚ್ಚು.

ದಂಪತಿಗಳೇ, ಹಾಡಿಗೆ ಹಣ ಬೇಕಿಲ್ಲ, ಓದು ಬೇಕಿಲ್ಲ. ಇಂದು ಸಂಜೆಯೇ ಮಗುವನ್ನು ಮಡಿಲಲ್ಲಿರಿಸಿಕೊಂಡು, ನಿಮ್ಮ ತಾಯಿ ನಿಮಗೆ ಹಾಡಿದ ಪದವೊಂದನ್ನು ಹಾಡಿರಿ. ಅದು ಯಾವ ಕಡೆಗೆ ತಿರುಗಿತೆಂಬುದನ್ನೂ ಗಮನಿಸಿರಿ.