ಗ್ರಾಹಕನ ದೂರುಪತ್ರ ಮತ್ತು ಕಾಲಮಿತಿ

ಕೊಂಡ ವಸ್ತುವಿನಲ್ಲಿ ದೋಷ ಕಂಡುಬಂದರೆ ಮೊದಲು ವ್ಯಾಪಾರಿಯನ್ನೇ ಕೇಳುವುದು ಲೋಕರೂಢಿ. ಆ ಕೇಳಿಕೆ ಬರಹರೂಪದಲ್ಲಿರಬೇಕೆಂದು ನಾವು ಹೇಳುವುದಕ್ಕೆ ಕಾರಣವುಂಟು. 1930ರ ಸರಕು ಮಾರಾಟ ಅಧಿನಿಯಮವು, ಕೊಳ್ಳುವವನೇ ಪರೀಕ್ಷಿಸಿ ಕೊಳ್ಳತಕ್ಕದ್ದೆಂಬ ತತ್ತ್ವವನ್ನು ಕೆಲವು ಅಪವಾದಗಳೊಡನೆ ಅಂಗೀಕರಿಸಿತು. 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಗ್ರಾಹಕನಿಗೆ ಪ್ರತ್ಯೇಕ ನ್ಯಾಯವೇದಿಕೆಯನ್ನು ಒದಗಿಸಿತು. ಅದರ ಸ್ಥಾನದಲ್ಲಿ ಬಂದ 2019ರ ಅಧಿನಿಯಮವು 2020ರಲ್ಲಿ ಜಾರಿಗೊಂಡು, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶವಿತ್ತಿತು. ಆದರೂ ದೋಷವನ್ನು ಸ್ಥಾಪಿಸುವ ಹೊರೆ ಬಹುಮಟ್ಟಿಗೆ ದೂರುದಾರನದೇ. ಆದುದರಿಂದ ಕೊಂಡ ದಿನ, ರಸೀದಿಯ ಸಂಖ್ಯೆ, ದೋಷದ ಸ್ವರೂಪ, ಬಯಸುವ ಪರಿಹಾರ, ಉತ್ತರಕ್ಕೆ ಗಡುವು ಇವೈದೂ ಪತ್ರದಲ್ಲಿ ಸ್ಪಷ್ಟವಾಗಿರಬೇಕು. ರಸೀದಿಯ ನಕಲನ್ನು ಮಾತ್ರ ಲಗತ್ತಿಸಿ, ಮೂಲವನ್ನೂ ಪತ್ರ ಕಳುಹಿಸಿದ ರುಜುವಾತನ್ನೂ ತನ್ನಲ್ಲಿಯೇ ಇರಿಸಿಕೊಳ್ಳಬೇಕು.

ಇಲ್ಲಿ ಒಂದು ಅಪಾಯವನ್ನು ಗಮನಿಸಬೇಕು. ವ್ಯಾಜ್ಯಕಾರಣ ಹುಟ್ಟಿದ ದಿನದಿಂದ 2 ವರ್ಷಗಳೊಳಗಾಗಿ ಆಯೋಗಕ್ಕೆ ದೂರು ಸಲ್ಲತಕ್ಕದ್ದು. ವ್ಯಾಪಾರಿಯೊಡನೆ ಪತ್ರವ್ಯವಹಾರ ನಡೆಯುತ್ತಿದ್ದ ಮಾತ್ರಕ್ಕೆ ಈ ಅವಧಿಯು ನಿಲ್ಲದು. ತಡವಾದರೆ ಅದಕ್ಕೆ ತಕ್ಕ ಕಾರಣವನ್ನು ಆಯೋಗಕ್ಕೆ ಮನಗಾಣಿಸಬೇಕಾಗುವುದು. ‘ನಾಳೆ ಬನ್ನಿ’ ಎಂಬ ಮಾತನ್ನೇ ನಂಬಿ ಕುಳಿತವನು ಹಣದೊಡನೆ ಹಕ್ಕನ್ನೂ ಕಳೆದುಕೊಳ್ಳಬಹುದು.